ಎಂಟಡಿ ಕೋಣೆಯಲ್ಲಿ ಮರಗೆಲಸ
(ಮಹಿಳಾ ವೇದಿಕೆಯ ಸಭೆಯಲ್ಲಿ ಆಡಿದ ಮಾತುಗಳು)

ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವಳಿಗೆ ಉಳಿ, ಗರಗಸದ ಹುಚ್ಚು ಹೇಗೆ ಹಿಡಿಯಿತು ಅಂತ ನೀವೆಲ್ಲ ಕೇಳುತ್ತೀರಿ. ಹೇಗೆ ಹಿಡಿಯಿತೋ ಬಿಡಿ, ಅದಕ್ಕೆ ಮನೆಯಲ್ಲಿ ಜಾಗ ಮಾಡಿದ್ದು ಹೇಗೆ ಅನ್ನುವುದನ್ನು ಹೇಳುತ್ತೇನೆ.

ನ್ಯೂಟೌನಿನ ನಮ್ಮ ಫ್ಲ್ಯಾಟಿನಲ್ಲಿ ಅಡುಗೆಮನೆ ಪಕ್ಕ ಆರಡಿ-ಎಂಟಡಿಯ ಸ್ಟೋರ್ ರೂಮಿದೆ. ಅದೇ ನನ್ನ ಬಡಗಿಮನೆ. ದುಡ್ಡು, ಜಾಗ ಎರಡೂ ಹೊಂದಿತು. ತಡೆದದ್ದು ಮಗಳ ಉಬ್ಬಸ. ಏಳು ವರ್ಷದ ಮಗು, ಚಳಿ ಶುರುವಾದರೆ ಇನ್‌ಹೇಲರ್ ಕೈಯಲ್ಲೇ ಇರಬೇಕು. ಮರದ ಧೂಳು ಎಂಥವರ ಶ್ವಾಸಕೋಶಕ್ಕೂ ಒಳ್ಳೆಯದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಅದನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿ ಹೆಸರಿಸಿದೆ. "ಅವಳು ಒಂದು ಸಲ ಕೆಮ್ಮಿದರೂ ಕೋಣೆ ಖಾಲಿ" ಅಂತ ನನ್ನವರು ಷರತ್ತು ಹಾಕಿದರು. ನ್ಯಾಯವೇ.

ಹಾಗಾಗಿ ಕರೆಂಟಿನ ಯಂತ್ರ ಒಂದೂ ಇಲ್ಲ. ದೊಡ್ಡ ಕೊಯ್ತವೆಲ್ಲ ಮರದಂಗಡಿಯಲ್ಲೇ ಮುಗಿಯುತ್ತದೆ. ಮನೆಯಲ್ಲಿ ಕೀಸುಳಿ, ಉಳಿ, ಕೈಗರಗಸ ಅಷ್ಟೇ. ಹರಿತವಾದ ಕೀಸುಳಿಯಿಂದ ಏಳುವ ಸುರುಳಿ ನೆಲಕ್ಕೆ ಬೀಳುತ್ತದೆ, ಗುಡಿಸಿದರೆ ಮುಗಿಯಿತು. ಸ್ಯಾಂಡ್ ಪೇಪರಿನ ಪುಡಿ ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತದೆ. ಆ ಕೆಲಸ ಬಾಲ್ಕನಿಯಲ್ಲಿ, ಮಾಸ್ಕ್ ಹಾಕಿಕೊಂಡು, ಅವಳು ಶಾಲೆಗೆ ಹೋದಾಗ ಮಾತ್ರ. ಕಿಟಕಿಗೆ ಎಕ್ಸಾಸ್ಟ್ ಫ್ಯಾನ್, ಬಾಗಿಲ ಸಂದಿಗೆ ರಬ್ಬರ್ ಪಟ್ಟಿ, ಬೆಂಚಿನ ಕಾಲಿಗೆ ದಪ್ಪ ಮ್ಯಾಟು. ಮ್ಯಾಟು ಕೆಳಗಿನ ಮನೆಯವರಿಗಾಗಿ. ಈಗ ಆ ಬೌದಿಯೇ ಮೇಲೆ ಬಂದು ಏನು ಮಾಡುತ್ತಿದ್ದೀರಿ ಅಂತ ನೋಡಿಕೊಂಡು ಹೋಗುತ್ತಾರೆ.

ಬೆಂಚಿನ ಮರ ನಿಮ್ತಲಾದ್ದು. ಉತ್ತರ ಕೋಲ್ಕತ್ತದ ಹಳೇ ಮನೆಗಳನ್ನು ಕೆಡವಿದಾಗ ಚಾವಣಿಯ ಕೋಡಿ-ಬೋರ್ಗಾ, ಅಂದರೆ ನಮ್ಮ ತೊಲೆ-ಜಂತೆ, ಮಾರಾಟಕ್ಕೆ ಬರುತ್ತವೆ. ದಶಕಗಳ ಕಾಲ ಒಣಗಿದ ತೇಗ, ಇನ್ನು ಸೊಟ್ಟಗಾಗುವುದು ಕಡಿಮೆ. ಮೊಳೆ ಮಾತ್ರ ಹುಡುಕಿ ಕೀಳಬೇಕು, ಇಲ್ಲದಿದ್ದರೆ ಕೀಸುಳಿಯ ಅಲಗು ಹೋಯಿತು. ಅಂಗಡಿಯವರು ಮೊದಲ ಸಲ "ದಾದಾ ಬಂದಿಲ್ಲವೇ?" ಅಂದರು. ಮೂರನೇ ಸಲ ಹೋದಾಗ ಅಳತೆಪಟ್ಟಿಯ ಇನ್ನೊಂದು ತುದಿ ತಾವೇ ಹಿಡಿದರು.

ಇಲ್ಲಿನ ಮಳೆಗಾಲ ನಿಮಗೆ ಗೊತ್ತೇ ಇದೆ, ಉಪ್ಪಿನ ಡಬ್ಬಿಯೇ ನೀರಾಗುತ್ತದೆ. ಮರ ಉದ್ದಕ್ಕೆ ಹಿಗ್ಗುವುದಿಲ್ಲ ಅನ್ನುವಷ್ಟು ಕಡಿಮೆ, ಅಗಲಕ್ಕೆ ಹಿಗ್ಗುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ಮಾಡುವ ಡ್ರಾಯರಿಗೆ ಸಂದಿ ಬಿಡಲೇಬೇಕು. ಹತಾರಗಳಿಗೆ ಹೊಲಿಗೆ ಯಂತ್ರದ ಎಣ್ಣೆ ಸವರಿ, ಪೆಟ್ಟಿಗೆಯಲ್ಲಿ ಕರ್ಪೂರದ ಬಿಲ್ಲೆ ಇಡುತ್ತೇನೆ. ತುಕ್ಕು ದೂರ.

ಪಾಲಿಶ್ ನವೆಂಬರಿನಿಂದ ಫೆಬ್ರವರಿವರೆಗೆ ಮಾತ್ರ. ನಾನು ಬಳಸುವುದು ಸ್ಪಿರಿಟಿನಲ್ಲಿ ಕರಗಿಸಿದ ಅರಗು. ತೇವದ ಗಾಳಿಯಲ್ಲಿ ಹಚ್ಚಿದರೆ ಮೇಲೆ ಬಿಳಿ ಮಂಜು ಕೂರುತ್ತದೆ. ನಮ್ಮ ಚನ್ನಪಟ್ಟಣದ ಬೊಂಬೆಗೆ ಹೊಳಪು ಕೊಡುವುದೂ ಅರಗೇ. ಈ ರಾಜ್ಯದ ಪುರುಲಿಯಾ ಜಿಲ್ಲೆಯಲ್ಲಿ ಅದನ್ನು ಬೆಳೆಯುತ್ತಾರೆ. ಒಣಗಿದ ಮೇಲೆ ಮಕ್ಕಳಿರುವ ಮನೆಗೆ ತೊಂದರೆಯಿಲ್ಲ, ಮಾತ್ರೆಗಳ ಮೇಲೂ ಲೇಪಿಸುತ್ತಾರೆ. ಆದರೆ ಸ್ಪಿರಿಟ್ ಬೆಂಕಿಯ ವಸ್ತು, ಗ್ಯಾಸ್ ಒಲೆ ಆರಿಸಿಯೇ ಬಾಟಲಿ ತೆಗೆಯಿರಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನಂತೂ ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿಯೇ ಹೊತ್ತಿಕೊಳ್ಳುತ್ತದೆ. ನೀರಿನಲ್ಲಿ ನೆನೆಸಿಡಿ.

ಮೊದಲು ಮಾಡಿದ್ದು ಅತ್ತೆಗೆ ತುರಿಮಣೆ. ಮಂಡಿನೋವಿನಿಂದ ನೆಲಕ್ಕೆ ಕೂರಲಾಗದೆ ಅವರು ಕಾಯಿ ತುರಿಯುವುದನ್ನೇ ಬಿಟ್ಟಿದ್ದರು. ಕುರ್ಚಿಯ ಎತ್ತರಕ್ಕೆ ಮಾಡಿಕೊಟ್ಟೆ. "ಸ್ವಲ್ಪ ಅಲ್ಲಾಡತ್ತೆ ಕಣೇ" ಅಂದರು. ಒಂದು ಬೆಣೆ ಹೊಡೆದೆ. ಈಗ ಚಟ್ನಿಯ ಕಾಯಿ ಅವರದೇ.

ಎರಡು ಚಳಿಗಾಲ ಕಳೆದಿವೆ, ಕೋಣೆ ಖಾಲಿಯಾಗಿಲ್ಲ. ನನ್ನ ಹತಾರಗಳಿಗೆ ವರ್ಷಕ್ಕೆ ಎರಡು ಪೂಜೆ: ಸೆಪ್ಟೆಂಬರ್ 17ರ ಹೊತ್ತಿಗೆ ಇಲ್ಲಿನ ವಿಶ್ವಕರ್ಮ ಪೂಜೆ, ಆಮೇಲೆ ನಮ್ಮ ಆಯುಧಪೂಜೆ. ಪಾಲಿಶಿನ ಕಾಲಕ್ಕೆ ಮೊದಲು ಇನ್ನೊಮ್ಮೆ ನಿಮ್ತಲಾಗೆ ಹೋಗುವುದಿದೆ. ಬರುವವರು ಹೆಸರು ಕೊಡಿ, ಅಳತೆಪಟ್ಟಿ ನನ್ನ ಬಳಿಯಿದೆ.