ಹೊಲದಿಂದ ಡಾಂಬರಿನ ತನಕ: ನಾಕು ಗಾಲಿ ಎಳೆಯುವ ಪಿಕಪ್ಪಿನ ಬಳಕೆ ಮತ್ತು ನಿರ್ವಹಣೆ

(ಸಂಘದ ಬೆಳ್ಳಿಹಬ್ಬದ ರೈತ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಬೀಜ, ಗೊಬ್ಬರ, ಸಾಲ ಇವುಗಳ ಮೇಲೆ ಈ ಗೋಷ್ಠಿಯಲ್ಲಿ ಮಾತಾಡುವ ತಿಳಿದವರು ಬೇಕಾದಷ್ಟು ಮಂದಿ ಇದ್ದಾರೆ. ತಳಿ ಬಗ್ಗೆ ಕೇಳಬೇಕಂದರೆ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರ ನಮ್ಮ ದಢೇಸುಗೂರಿನಲ್ಲೇ ಐತಿ. ಆದರೆ ಬೆಳೆದ ನೆಲ್ಲನ್ನು ಹೊಲದಿಂದ ಡಾಂಬರು ರಸ್ತೆಗೆ ತರುವ ಗಾಡಿಯ ಬಗ್ಗೆ ಯಾರೂ ಮಾತಾಡುವುದಿಲ್ಲ. ಅದನ್ನು ನಾವು ಮಾತಾಡುತ್ತೇವೆ. ನಾವು ಓದಿದ್ದು ಎಸ್.ಎಸ್.ಎಲ್.ಸಿ. ತನಕ. ಇಲ್ಲಿ ಹೇಳುವುದೆಲ್ಲ ಗಾಡಿ ಕೆಳಗೆ ಮಲಗಿ, ಮಿಸ್ತ್ರಿಗಳ ಕೂಡ ನಿಂತು ಕಲಿತದ್ದು.

ನಮ್ಮ ಎರಿ ಭೂಮಿಯ ಗುಣ ನಿಮಗೆ ಹೊಸದಾಗಿ ಹೇಳಬೇಕಿಲ್ಲ. ಬ್ಯಾಸಿಗ್ಯಾಗ ಕೈ ಇಳಿಯುವಷ್ಟು ಬಿರುಕು, ಮಳೆ ಬಿದ್ದರೆ ಉಬ್ಬಿ ಮೇಣ. 1953ರಲ್ಲಿ ತುಂಗಭದ್ರಾ ನೀರು ಕಾಲುವೆಗೆ ಬಂದಮೇಲೆ ಎಡದಂಡೆಯಲ್ಲಿ ನೆಲ್ಲು ಬಂತು, ನೆಲ್ಲಿನ ಹಿಂದೆ ರಾಡಿ ಬಂತು. ಎರಡನೇ ಬೆಳೆ ಕೊಯ್ಯುವುದು ಏಪ್ರಿಲ್, ಮೇ ತಿಂಗಳಲ್ಲಿ. ಅಡ್ಡ ಮಳೆಯೂ ಆಗಲೇ. ತಾಡಪಾಲು ಹೊದಿಸಿದ ರಾಶಿ ಹೊಲದಾಗ ಎರಡು ದಿನ ಹೆಚ್ಚಿಗೆ ಉಳಿದರೆ ಅಡಿಯ ಕಾಳು ಮೊಳಕೆ ಒಡೆಯುತ್ತದೆ, ಖರೀದಿದಾರ ರೇಟು ಕಡಿಯುತ್ತಾನೆ. ಸಿಂಧನೂರು–ಸಿರುಗುಪ್ಪ ರಸ್ತೆ ಮುಟ್ಟಿದರೆ ಲಾರಿ ಐತಿ, ಸಿಂಧನೂರು, ಕಾರಟಗಿ, ಗಂಗಾವತಿ ಮಿಲ್ಲುಗಳು ಅದಾವೆ. ಕಷ್ಟ ಇರುವುದು ಹೊಲದಿಂದ ಆ ರಸ್ತೆಯ ತನಕದ ಎರಡು ಮೂರು ಫರ್ಲಾಂಗಿನಲ್ಲಿ. ನಾಕು ಗಾಲಿಯ ಗೇರು ಇರುವುದು ಆ ಎರಡು ಮೂರು ಫರ್ಲಾಂಗಿಗಾಗಿ. ಇದೊಂದು ಮಾತು ತಲೆಯಲ್ಲಿ ಕೂತರೆ ನಮ್ಮ ಭಾಷಣದ ಅರ್ಧ ಮುಗಿಯಿತು.

ಎರಡನೇ ಮಹಾಯುದ್ಧದಲ್ಲಿ ಹೆಸರು ಮಾಡಿದ ಜೀಪಿನ ಪದ್ಧತಿಯೇ ಇಂದಿನ ಬೊಲೆರೊ ಕ್ಯಾಂಪರ್, ಪಿಕಪ್ಪುಗಳ 4 ಡಬ್ಲ್ಯೂ ಡಿ ಮಾದರಿಯಲ್ಲೂ ಇರುವುದು. ಗೇರ್ ಬಾಕ್ಸಿನ ಹಿಂದೆ ಇನ್ನೊಂದು ಪೆಟ್ಟಿಗೆ ಇರುತ್ತದೆ. ಅದಕ್ಕೆ ಟ್ರಾನ್ಸ್‌ಫರ್ ಕೇಸ್ ಅನ್ನುತ್ತಾರೆ. ಸಣ್ಣ ಲಿವರ್ ಹಾಕಿದಾಗ, ಹೊಸ ಗಾಡಿಗಳಲ್ಲಿ ಬಟನ್ ತಿರುವಿದಾಗ, ಮುಂದಿನ ಶಾಫ್ಟ್ ಹಿಂದಿನ ಶಾಫ್ಟಿಗೆ ಗಟ್ಟಿಯಾಗಿ ಜೋಡಣೆ ಆಗುತ್ತದೆ. ಎರಡೂ ಒಂದೇ ಸುತ್ತು ತಿರುಗಲೇಬೇಕು.

ಇಲ್ಲೇ ಹಲವರು ತಪ್ಪು ತಿಳಿದಿದ್ದಾರೆ. ನಮ್ಮ ತಂದೆಯವರ ಕಾಲದಲ್ಲಿ ಕಣದಾಗ ಹಂತಿ ಹೊಡೆಯುತ್ತಿದ್ದುದು ಹಿರಿಯರಿಗೆ ನೆನಪಿರಬೇಕು. ಮೇಟಿ ಹತ್ತಿರದ ಎತ್ತು ನಿಂತಲ್ಲೇ ತಿರುಗಿದಂತೆ ನಡೆಯುತ್ತದೆ, ಹೊರಗಿನ ಎತ್ತು ಓಡಬೇಕಾಗುತ್ತದೆ. ಗಾಡಿ ತಿರುವಿನಲ್ಲಿ ಹೋಗುವಾಗಲೂ ಹಂಗೇ. ಮುಂದಿನ ಗಾಲಿಗಳು ದೊಡ್ಡ ಸುತ್ತು ಹಾಕುತ್ತವೆ, ಹಿಂದಿನವು ಸಣ್ಣ ಸುತ್ತು. ಆದರೆ ಶಾಫ್ಟುಗಳನ್ನು ನಾವು ಒಂದಕ್ಕೊಂದು ಕಟ್ಟಿಬಿಟ್ಟಿದ್ದೇವೆ. ರಾಡಿಯಲ್ಲಾದರೆ ಟೈರು ಸ್ವಲ್ಪ ಜಾರಿ ಆ ವ್ಯತ್ಯಾಸ ಕಳೆದುಹೋಗುತ್ತದೆ. ಒಣ ಡಾಂಬರಿನ ಮೇಲೆ ಟೈರು ಜಾರುವುದಿಲ್ಲ. ಆ ತಿರುಚು ಎಲ್ಲ ಶಾಫ್ಟು, ಕ್ರಾಸು, ಹಲ್ಲುಗಳ ಮೇಲೆ ಕೂಡುತ್ತದೆ. ಬ್ರೇಕ್ ಹಿಡಿದಂತೆ ಗಾಡಿ ಬಿಗಿಯುತ್ತದೆ, ಸ್ಟೇರಿಂಗ್ ಭಾರವಾಗುತ್ತದೆ, ಲಿವರ್ ಹೊರಗೆ ಬರುವುದಿಲ್ಲ.

ನಮ್ಮ ಕಡಿ ಒಂದು ಕ್ಯಾಂಪಿನ ಪಿಕಪ್ ಇದೇ ರೀತಿ ಕೆಟ್ಟಿತು. ಹೊಲದಿಂದ ನೆಲ್ಲು ಹೊತ್ತು ಹೊರಗೆ ಬಂದ ಗಾಡಿ ಅದೇ ಗೇರಿನಲ್ಲಿ ಸಿಂಧನೂರಿಗೆ ಹೋಗಿ ಬಂತು, ಅದೂ ಒಂದು ದಿನವಲ್ಲ, ಸುಗ್ಗಿ ಪೂರ್ತಿ. ಕೇಳಿದರೆ ಡ್ರೈವರ್ ಹುಡುಗ, "ಅಣ್ಣಾ, ಲೋಡ್ ಐತಲ್ಲ, ಗಾಡಿಗೆ ಬಲ ಇರ್ಲಿ ಅಂತ ನಾಕರಾಗ ಬಿಟ್ಟಿದ್ದೆ" ಅಂದ. ಪೆಟ್ಟಿಗೆ ಬಿಚ್ಚಿದಾಗ ಹಲ್ಲು ಕಿತ್ತು ಆಯಿಲಿನಲ್ಲಿ ಬಿದ್ದಿದ್ದವು. ಆ ಬೆಳೆಯಲ್ಲಿ ಗಾಡಿಯ ಕಂತಿಗೆ ಇಟ್ಟ ದುಡ್ಡು ಮಿಸ್ತ್ರಿ ಅಂಗಡಿಗೆ ಹೋಯಿತು. ಹುಡುಗನ ತಪ್ಪು ಎಂದು ನಾವು ಹೇಳುವುದಿಲ್ಲ. ಗಾಡಿ ಕೊಟ್ಟವರು ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ.

ಆದ್ದರಿಂದ ಡಾಂಬರು ಏರುವ ಮೊದಲು, ಮಣ್ಣಿನ ಮೇಲೆ ಇರುವಾಗಲೇ ಲಿವರ್ 2 ಎಚ್‌ಗೆ ತರಬೇಕು. ಬಿಗಿದುಕೊಂಡರೆ ಸುತ್ತಿಗೆ ಹುಡುಕಬಾರದು. ನೇರವಾಗಿ ನಾಲ್ಕು ಮಾರು ಹಿಂದಕ್ಕೆ ತೆಗೆದರೆ ತಿರುಚು ಬಿಚ್ಚಿ ತಾನೇ ಬರುತ್ತದೆ. ಹಾಕುವುದನ್ನೂ ಮೊದಲೇ ಹಾಕಬೇಕು, ರಾಡಿ ಕಣ್ಣಿಗೆ ಕಂಡಾಗ. ಗಾಲಿ ಗಿರಗಿರ ತಿರುಗಿ ಅಚ್ಚಿನ ತನಕ ಹುಗಿದಮೇಲೆ ಹಾಕಿದರೆ ಏನು ಪ್ರಯೋಜನ? ತಿರುಗುತ್ತಿರುವ ಗಾಲಿಗೆ ಜೋಡಣೆ ಕೊಟ್ಟರೆ ಹಲ್ಲಿಗೆ ಪೆಟ್ಟು. 4 ಎಲ್ ಅಂದರೆ ನಿಧಾನ ನಡಿಗೆ, ಹೆಚ್ಚಿನ ಎಳೆತ. ಅದನ್ನು ಗಾಡಿ ನಿಲ್ಲಿಸಿ, ಕ್ಲಚ್ ತುಳಿದು ಹಾಕಬೇಕು. ಹಳೆ ಗಾಡಿಗಳಲ್ಲಿ ಮುಂದಿನ ಗಾಲಿಯ ನಡುವೆ ಫ್ರೀ, ಲಾಕ್ ಎಂದು ಬರೆದ ತಿರುವು ಬಿಲ್ಲೆ ಇರುತ್ತದೆ. ಎರಡೂ ಕಡೆ ಒಂದೇ ತರ ಇರಬೇಕು.

ಇನ್ನೊಂದು ಭ್ರಮೆ ಐತಿ. ನಾಕು ಗಾಲಿ ಎಳೆದರೆ ಎಲ್ಲಿ ಬೇಕಾದರೂ ಹೋಗಬಹುದು ಅನ್ನುವುದು. ಡಿಫರೆನ್ಶಿಯಲ್ ಲಾಕ್ ಇಲ್ಲದ ಗಾಡಿಯಲ್ಲಿ ಒಂದೊಂದು ಅಚ್ಚಿನಲ್ಲಿ ಹಗುರಾಗಿ ಜಾರುವ ಗಾಲಿಯೇ ತಿರುಗುತ್ತದೆ, ಹಿಡಿತ ಇರುವುದು ಸುಮ್ಮನೆ ನಿಲ್ಲುತ್ತದೆ. ಹೊಟ್ಟೆ ಬದುವಿನ ಮೇಲೆ ಕೂತರೆ ಯಾವ ಗೇರೂ ಕೆಲಸಕ್ಕೆ ಬಾರದು. ಸಲಿಕೆ, ಹಲಗೆ, ಹಗ್ಗ ಅಷ್ಟೇ. ಬ್ರೇಕು ಕೂಡ ಎರಡು ಗಾಲಿ ಗಾಡಿಯಷ್ಟೇ ಹಿಡಿಯುತ್ತದೆ. ಹರಿಯುವ ಹಳ್ಳಕ್ಕೆ ಇಳಿಸುವುದು ಮಾತ್ರ ಬೇಡವೇ ಬೇಡ.

ಈಗ ನಿರ್ವಹಣೆ. ನಮ್ಮ ರಾಡಿ ಒಣಗಿದರೆ ಸಿಮೆಂಟು. ಗಾಲಿ ಒಳಗೆ, ಶಾಫ್ಟಿನ ಕ್ರಾಸಿನ ಸುತ್ತ, ಬ್ರೇಕ್ ಹತ್ತಿರ ಕೂತ ರಾಡಿ ಆಯಿಲ್ ಸೀಲನ್ನು ತಿನ್ನುತ್ತದೆ. ಅದೇ ದಿನ ಸಂಜೆ, ಹಸಿ ಇರುವಾಗಲೇ, ಮೋಟಾರಿನ ಪೈಪು ಹಿಡಿದು ಕೆಳಗಿನಿಂದ ತೊಳೆಯಿರಿ. ಮೈ ತೊಳೆದು ಹೊಟ್ಟೆ ಬಿಡುವವರೇ ಜಾಸ್ತಿ. ತೊಳೆದ ಮೇಲೆ ನಿಪ್ಪಲ್ಲುಗಳಿಗೆ ಗ್ರೀಸ್ ಹೊಡೆಯಿರಿ, ಹಳೆ ಗ್ರೀಸ್ ಹೊರಗೆ ಬರುವ ತನಕ.

ಬಿಸಿ ಅಚ್ಚು ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ ನೀರನ್ನು ಎಳೆದುಕೊಳ್ಳುತ್ತದೆ. ಅದಕ್ಕೇ ಅಚ್ಚಿನ ಮೇಲೆ ಉಸಿರಾಡುವ ಸಣ್ಣ ಕೊಳವೆ ಇಟ್ಟಿರುತ್ತಾರೆ. ಅದರ ಬಾಯಿಗೆ ರಾಡಿ ಮೆತ್ತಿದ್ದರೆ ನೀರು ಸೀಲಿನಿಂದ ಒಳಗೆ ಬರುತ್ತದೆ. ನೀರು ತುಂಬಿದ ಗದ್ದೆಗೆ ಗಾಡಿ ಇಳಿದಿದ್ದರೆ ಆಯಿಲ್ ನಟ್ಟು ಬಿಚ್ಚಿ ನೋಡಬೇಕು. ಆಯಿಲ್ ಮಜ್ಜಿಗೆ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದೇ ಅರ್ಥ. ಆಗ "ಮುಂದಿನ ಸರ್ವಿಸಿಗೆ ನೋಡೋಣ" ಅನ್ನಬಾರದು. ಹಿಂದಿನ ಅಚ್ಚು, ಮುಂದಿನ ಅಚ್ಚು, ಟ್ರಾನ್ಸ್‌ಫರ್ ಪೆಟ್ಟಿಗೆ ಮೂರಕ್ಕೂ ಬೇರೆ ಬೇರೆ ನಟ್ಟು ಇವೆ. ಹಿಂದಿನದಕ್ಕೆ ಮಾತ್ರ ಆಯಿಲ್ ಹಾಕಿ ಕಳಿಸುವ ಅಂಗಡಿಗಳೂ ಇವೆ, ನಿಂತು ನೋಡಿರಿ. ಯಾವ ನಂಬರಿನ ಆಯಿಲ್ ಎಂಬುದು ಗಾಡಿಯ ಪುಸ್ತಕದಲ್ಲಿ ಇರುತ್ತದೆ.

ಟೈರಿನ ವಿಷಯ. ನಾಕೂ ಒಂದೇ ಅಳತೆಯವು, ಹೆಚ್ಚುಕಡಿಮೆ ಒಂದೇ ಸವೆತದವು ಇರಬೇಕು. ಮುಂದೆ ಹೊಸವು, ಹಿಂದೆ ಬೋಳು ಟೈರು ಹಾಕಿದರೆ ಸುತ್ತಳತೆ ಬೇರೆಯಾಗಿ ನೇರ ದಾರಿಯಲ್ಲೂ ಶಾಫ್ಟುಗಳು ಜಗಳಾಡುತ್ತವೆ. 4 ಡಬ್ಲ್ಯೂ ಡಿ ಟ್ರ್ಯಾಕ್ಟರ್ ಇಟ್ಟವರಿಗೂ ಈ ಮಾತು ಅನ್ವಯಿಸುತ್ತದೆ. ಅಲ್ಲಿ ಮುಂದಿನ ಸಣ್ಣ ಗಾಲಿ, ಹಿಂದಿನ ದೊಡ್ಡ ಗಾಲಿಗೆ ಲೆಕ್ಕ ಹಾಕಿಯೇ ಹಲ್ಲು ಕೂಡಿಸಿರುತ್ತಾರೆ. ಸಿಕ್ಕ ಅಳತೆಯ ಟೈರು ಹಾಕಿದರೆ ಆ ಲೆಕ್ಕ ಕೆಟ್ಟಿತು.

ಬಳಸದೇ ಇಟ್ಟರೂ ಕೆಡುತ್ತದೆ ಎಂಬುದನ್ನು ನಾವು ಒಂದು ರಾತ್ರಿ ಕಂಡೆವು. ಎರಡನೇ ಬೆಳೆಗೆ ನೀರು ಸಿಗದ ಒಂದು ವರ್ಷ ಗಾಡಿಗಳು ತಿಂಗಳುಗಟ್ಟಲೆ ನಿಂತಿದ್ದವು. ಮಳೆ ಹಿಡಿದ ರಾತ್ರಿ ಹೊಲದ ಮನೆಯಲ್ಲಿದ್ದ ಒಬ್ಬ ಆಳಿಗೆ ಹಾವು ಕಡಿಯಿತು. ಪಿಕಪ್ ಇತ್ತು, ಡೀಸೆಲ್ ಇತ್ತು, ಲಿವರ್ ಮಾತ್ರ ಅಲುಗಾಡಲಿಲ್ಲ, ತುಕ್ಕು ಹಿಡಿದಿತ್ತು. ನಾಲ್ಕು ಮಂದಿ ಮಂಚದ ಮೇಲೆ ಹೊತ್ತು ರಾಡ್ಯಾಗ ನಡೆದು ಡಾಂಬರು ಮುಟ್ಟಿಸಿದರು. ಆಸ್ಪತ್ರೆ ಸೇರಿದ, ಉಳಿದ. ಇವತ್ತು ಈ ಸಭೆಯಲ್ಲಿಯೂ ಕೂತಿದ್ದಾನೆ. ಹಾವಿನ ವಿಷಕ್ಕೆ ತಾಸಿನ ಲೆಕ್ಕ, ಗಾಡಿ ರಿಪೇರಿಗೆ ವಾರದ ಲೆಕ್ಕ. ತಿಂಗಳಿಗೆ ಒಮ್ಮೆಯಾದರೂ ಮಣ್ಣಿನ ದಾರಿಯಲ್ಲಿ ಒಂದೆರಡು ಮೈಲಿ ನಾಕು ಗಾಲಿಯಲ್ಲಿ ಓಡಿಸಿದರೆ ಮುಂದಿನ ಅಚ್ಚಿನೊಳಗೆ ಆಯಿಲ್ ಆಡುತ್ತದೆ, ಲಿವರ್ ಸಡಿಲ ಇರುತ್ತದೆ.

ಕೊನೆಗೆ ಖರೀದಿ ಮಾಡುವವರಿಗೆ. ಎಲ್ಲರಿಗೂ ಇಂಥ ಗಾಡಿ ಬೇಕೆಂದು ನಾವು ಹೇಳುವುದಿಲ್ಲ. ಡಾಂಬರಿಗೆ ಹತ್ತಿದ ಹೊಲ ಇದ್ದವರಿಗೆ ಎರಡು ಗಾಲಿಯದೇ ಸಾಕು. ನಾಕು ಗಾಲಿಯದಕ್ಕೆ ಬೆಲೆ ಹೆಚ್ಚು, ಡೀಸೆಲ್ ಹೆಚ್ಚು, ಬಿಡಿಭಾಗವೂ ಹೆಚ್ಚು. ಪಕ್ಕದ ಹೊಲದವನು ತಂದ ಅಂತ ಸಾಲ ಮಾಡುವುದು ಬೇಡ. ಕಾಲುವೆ ಬಾಲದ ಕಡಿ, ದೂರದ ಕ್ಯಾಂಪುಗಳ ಕಡಿ ನಾಲ್ಕೈದು ಮನೆಯವರು ಕೂಡಿ ಒಂದು ಇಟ್ಟುಕೊಂಡರೆ ಚಲೋ. ಆದರೆ ಹಂಗೆ ಕೂಡಿ ಇಟ್ಟ ಗಾಡಿಗೆ ತೊಳೆಯುವವರು, ಗ್ರೀಸ್ ಹೊಡೆಯುವವರು ಯಾರೆಂದು ಮೊದಲೇ ಚೀಟಿ ಬರೆದುಕೊಳ್ಳಬೇಕು. ಸಾಲದ ಅರ್ಜಿ ಬಂದಾಗ ಈ ಚೀಟಿಯನ್ನೂ ಕೇಳಬೇಕೆಂದು ಆಡಳಿತ ಮಂಡಳಿಯ ಮುಂದೆ ನಾವು ಇಡುವವರಿದ್ದೇವೆ.

ನಾಳೆ ಬೆಳಿಗ್ಗೆ ಸಂಘದ ಗೋದಾಮಿನ ಅಂಗಳಕ್ಕೆ ನಿಮ್ಮ ನಿಮ್ಮ ಗಾಡಿ ತರಬೇಕು. ಮಿಸ್ತ್ರಿಯವರು ಬರುತ್ತಾರೆ, ಮೂರೂ ನಟ್ಟು ಬಿಚ್ಚಿ ಆಯಿಲ್ ನೋಡೋಣ. ಡ್ರೈವರ್ ಹುಡುಗರನ್ನೂ ಕರೆದುಕೊಂಡು ಬನ್ನಿ, ಮಾಲೀಕರು ಅಷ್ಟೇ ಬಂದರೆ ಕೆಲಸ ಆಗುವುದಿಲ್ಲ.