ಬರ್ಲಿನ್ ಗೋಡೆಯ ಕೆಳಗೆ ಒಂದು ಕ್ಯಾಮೆರಾ

'ದಿ ಟನಲ್' ಚಿತ್ರವನ್ನು ನೋಡಲು ಕುಳಿತವರು ಮೊದಲು ಒಂದು ಬೀದಿಯನ್ನು ಕಣ್ಣ ಮುಂದೆ ತಂದುಕೊಳ್ಳಬೇಕು. ಅದು ಬರ್ಲಿನ್ನಿನ ಬೆರ್ನೌವರ್ ಸ್ಟ್ರಾಸೆ. ಬೀದಿಯ ಒಂದು ಬದಿಯ ಮನೆಗಳು ಪೂರ್ವ ಬರ್ಲಿನ್‌ಗೆ ಸೇರಿದ್ದವು. ಅದೇ ಮನೆಗಳ ಮುಂದಿನ ಕಾಲುದಾರಿ ಮಾತ್ರ ಪಶ್ಚಿಮ ಬರ್ಲಿನ್‌ನದು. ಹೊಸಿಲು ದಾಟಿ ಒಂದು ಹೆಜ್ಜೆ ಇಟ್ಟರೆ ಆಡಳಿತವೇ ಬದಲಾಗುತ್ತಿತ್ತು. 1961ರ ಆಗಸ್ಟ್ 13ರಂದು ಪೂರ್ವ ಜರ್ಮನಿಯ ಸರ್ಕಾರ ಗಡಿಗೆ ಮುಳ್ಳುತಂತಿ ಎಳೆಯಿತು. ಬಾಗಿಲುಗಳಿಗೆ ಇಟ್ಟಿಗೆ ತುಂಬಿಸಿತು. ಜನ ಮೇಲಿನ ಕಿಟಕಿಗಳಿಂದ ಹಾರತೊಡಗಿದರು. ಕೆಳಗೆ ಪಶ್ಚಿಮದ ಅಗ್ನಿಶಾಮಕ ದಳದವರು ದಪ್ಪ ಬಟ್ಟೆ ಹಿಡಿದು ನಿಂತಿರುತ್ತಿದ್ದರು. ಹಾರಿದವರೆಲ್ಲ ಬದುಕಲಿಲ್ಲ. ಆಮೇಲೆ ಕಿಟಕಿಗಳೂ ಮುಚ್ಚಿದವು.

ಗೋಡೆ ಏಕೆ ಬಂತು ಎಂಬುದಕ್ಕೆ ಒಂದು ಸಂಖ್ಯೆ ಸಾಕು. 1949ರಿಂದ 1961ರವರೆಗೆ 25 ಲಕ್ಷಕ್ಕೂ ಹೆಚ್ಚು ಜನ ಪೂರ್ವ ಜರ್ಮನಿಯನ್ನು ಬಿಟ್ಟು ಹೋಗಿದ್ದರು. ಅವರಲ್ಲಿ ವೈದ್ಯರು, ಎಂಜಿನಿಯರುಗಳು, ದುಡಿಯುವ ವಯಸ್ಸಿನ ಯುವಕರು ಬಹಳ ಮಂದಿ. ಪ್ರಜೆಗಳನ್ನು ಒಲಿಸಿ ಉಳಿಸಿಕೊಳ್ಳಲಾಗದ ಸರ್ಕಾರ ಅವರನ್ನು ಕೂಡಿಹಾಕಿತು. ಶತ್ರುವನ್ನು ತಡೆಯಲು ಕೋಟೆ ಕಟ್ಟಿದ ರಾಜರ ಕಥೆಗಳು ಚರಿತ್ರೆಯಲ್ಲಿ ಬೇಕಾದಷ್ಟಿವೆ. ಈ ಕೋಟೆಯ ಬಂದೂಕುಗಳು ಮಾತ್ರ ಒಳಕ್ಕೆ ತಿರುಗಿದ್ದವು.

ಪಶ್ಚಿಮ ಬರ್ಲಿನ್‌ನಲ್ಲಿ ಓದುತ್ತಿದ್ದ ಇಟಲಿಯ ಇಬ್ಬರು ವಿದ್ಯಾರ್ಥಿಗಳು, ಲುಯಿಜಿ ಸ್ಪೀನಾ ಮತ್ತು ಡೊಮೆನಿಕೊ ಸೆಸ್ತಾ. ಅವರ ಗೆಳೆಯನೊಬ್ಬ ಹೆಂಡತಿ ಮತ್ತು ಎಳೆಗೂಸಿನೊಡನೆ ಗೋಡೆಯ ಆಚೆ ಸಿಕ್ಕಿಬಿದ್ದಿದ್ದ. ಅವರನ್ನು ಕರೆತರಲು 1962ರ ಮೇ ತಿಂಗಳಲ್ಲಿ ಬೆರ್ನೌವರ್ ಸ್ಟ್ರಾಸೆಯ ಒಂದು ಕಾರ್ಖಾನೆಯ ನೆಲಮಾಳಿಗೆಯಿಂದ ಅಗೆತ ಆರಂಭವಾಯಿತು. ಪೂರ್ವದಿಂದ ತಪ್ಪಿಸಿಕೊಂಡು ಬಂದಿದ್ದ ಹಾಸೊ ಹರ್ಶೆಲ್ ಕೂಡ ಸೇರಿಕೊಂಡ. ಆತ ಪೂರ್ವದ ಸೆರೆಮನೆಯಲ್ಲಿ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಕಳೆದವನು. ತಂಗಿಯನ್ನು ಈಚೆಗೆ ಕರೆತರುವವರೆಗೂ ಗಡ್ಡ ತೆಗೆಯುವುದಿಲ್ಲ ಎಂಬುದು ಅವನ ಹಟ.

ಮರ, ಹಾರೆ, ಗುದ್ದಲಿ, ವಿದ್ಯುತ್ ತಂತಿ, ಗಾಳಿಯ ಕೊಳವೆ, ಎಲ್ಲಕ್ಕೂ ಹಣ ಬೇಕು. ವಿದ್ಯಾರ್ಥಿಗಳ ಬಳಿ ಹಣವೆಲ್ಲಿಂದ ಬರಬೇಕು? ಅಮೆರಿಕದ ಎನ್‌ಬಿಸಿ ದೂರದರ್ಶನ ಸಂಸ್ಥೆ ಬಂದದ್ದು ಇಲ್ಲಿಯೇ. ನಿರ್ಮಾಪಕ ರೂವೆನ್ ಫ್ರಾಂಕ್ ಮತ್ತು ಬರ್ಲಿನ್ ವರದಿಗಾರ ಪಿಯರ್ಸ್ ಆಂಡರ್ಟನ್ ಸುಮಾರು 50,000 ಮಾರ್ಕ್ ಕೊಡಲು ಒಪ್ಪಿದರು. ಅದಕ್ಕೆ ಪ್ರತಿಯಾಗಿ ಚಿತ್ರೀಕರಣದ ಹಕ್ಕು ಸಂಸ್ಥೆಗೆ. ಪೀಟರ್ ಮತ್ತು ಕ್ಲೌಸ್ ಡೇಮೆಲ್ ಎಂಬ ಸಹೋದರರು ಕ್ಯಾಮೆರಾ ಹಿಡಿದು ಆ ಬಿಲದೊಳಗೆ ತೆವಳಿದರು. ತೆರೆಯ ಮೇಲೆ ಕಾಣುವ ಕೆಸರು, ಬೆವರು, ಮಂಕು ಬೆಳಕು ಯಾವುದೂ ಆಮೇಲೆ ಕಟ್ಟಿದ ಸೆಟ್ ಅಲ್ಲ. ಅಗೆಯುತ್ತಿರುವ ಹೊತ್ತಿನಲ್ಲೇ ಹಿಡಿದ ದೃಶ್ಯಗಳವು. ಈ ಚಿತ್ರದ ಬೆಲೆ ಇರುವುದು ಅಲ್ಲೇ.

ಸುರಂಗದ ಉದ್ದ ಸುಮಾರು 130 ಮೀಟರು, ಹೆಚ್ಚುಕಡಿಮೆ ಒಂದು ಕ್ರಿಕೆಟ್ ಮೈದಾನದ ಅಗಲ. ಮಲಗಿಕೊಂಡು ಅಗೆಯಬೇಕು, ಮಣ್ಣನ್ನು ಪುಟ್ಟ ಬಂಡಿಯಲ್ಲಿ ಹಿಂದಕ್ಕೆ ಎಳೆಯಬೇಕು. ಮೇಲೆ ಪೂರ್ವದ ಸೈನಿಕರು ತಿರುಗುತ್ತಿದ್ದುದರಿಂದ ಜೋರಾಗಿ ಮಾತಾಡುವಂತಿಲ್ಲ. ನಡುವೆ ನೀರಿನ ಕೊಳವೆ ಒಡೆದು ಸುರಂಗ ಕೆರೆಯಾಯಿತು. ಪಶ್ಚಿಮದ ಅಧಿಕಾರಿಗಳಿಗೆ ಹೇಳಿ ಅದನ್ನು ರಿಪೇರಿ ಮಾಡಿಸಿದರು. ಎರಡನೆಯ ಸೋರಿಕೆ ಕಂಡಾಗ ಅವರು ಗಡಿ ದಾಟಿ ಪೂರ್ವದ ನೆಲದಡಿ ಇದ್ದರು. ಅಲ್ಲಿ ಯಾರಿಗೆ ದೂರು ಕೊಡುವುದು? ಮೊದಲು ಗೊತ್ತುಮಾಡಿದ ಮನೆಯ ತನಕ ಹೋಗುವುದನ್ನು ಬಿಟ್ಟು, ಹತ್ತಿರದ ಶ್ಯೋನ್‌ಹೋಲ್ಟ್ಸರ್ ಸ್ಟ್ರಾಸೆಯ 7ನೇ ನಂಬರಿನ ಮನೆಯ ನೆಲಮಾಳಿಗೆಯಲ್ಲೇ ಮೇಲೆದ್ದರು.

1962ರ ಸೆಪ್ಟೆಂಬರ್ 14. ಆಚೆ ಕಾದಿದ್ದ ಕುಟುಂಬಗಳಿಗೆ ಸುದ್ದಿ ಮುಟ್ಟಿಸಲು ಪಶ್ಚಿಮದ ಯುವತಿಯೊಬ್ಬಳು ಪೂರ್ವಕ್ಕೆ ಹೋದಳು. ಒಂದು ಮದ್ಯದಂಗಡಿಯಲ್ಲಿ ಬೆಂಕಿಪೆಟ್ಟಿಗೆ ಕೊಳ್ಳುವುದೇ ಸಂಕೇತ. ಇನ್ನೊಂದರಲ್ಲಿ ಕಾಫಿ ಕೇಳಬೇಕಿತ್ತು. ಅಂದು ಅಲ್ಲಿ ಕಾಫಿ ಮುಗಿದಿತ್ತು! ಕಾದಿದ್ದವರ ಕಿವಿಗೆ ಬೀಳುವ ಹಾಗೆ ಆಕೆ ಕಾಫಿಯ ಮಾತನ್ನೇ ಗಟ್ಟಿಯಾಗಿ ಎತ್ತಿದಳು.

ಆ ದಿನ ಮತ್ತು ಮಾರನೆಯ ದಿನ ಸೇರಿ 29 ಜನ ತೆವಳಿಕೊಂಡು ಬಂದರು. ಸುರಂಗದ ಬಾಯಲ್ಲಿ ಮೊದಲು ಕಂಡದ್ದು ಒಂದು ಬಿಳಿಯ ಕೈಚೀಲ, ಆಮೇಲೆ ಒಂದು ಕೈ, ಆಮೇಲೆ ಒಬ್ಬ ಯುವ ತಾಯಿ. ಒಳ್ಳೆಯ ಉಡುಪು ಕೆಸರಾಗಿದೆ, ಕಾಲುಚೀಲ ಹರಿದಿದೆ. ಹಿಂದೆಯೇ ಬೇರೊಬ್ಬರ ತೋಳಿನಲ್ಲಿ ಅವಳ ಮಗು. ಏಣಿ ಹತ್ತುವಾಗ ಆಕೆಯ ಬಲ ಉಡುಗಿ ಹೋಗುವುದನ್ನು ಕ್ಯಾಮೆರಾ ಏನೂ ಸೇರಿಸದೆ ನೋಡುತ್ತದೆ. ಹರ್ಶೆಲ್‌ನ ತಂಗಿಯೂ ಬಂದಳು. ಬಳಿಕ ನೀರು ನುಗ್ಗಿ ದಾರಿ ಮುಚ್ಚಿಹೋಯಿತು.

ಚಿತ್ರದ ಪ್ರಸಾರವೇ ಇನ್ನೊಂದು ಹೋರಾಟವಾಯಿತು. ಕೆನೆಡಿ ಸರ್ಕಾರದ ವಿದೇಶಾಂಗ ಇಲಾಖೆ ಅದನ್ನು ಬಹಿರಂಗವಾಗಿ ಆಕ್ಷೇಪಿಸಿತು. ಪಶ್ಚಿಮ ಬರ್ಲಿನ್‌ನ ಆಡಳಿತವೂ ಅಸಮಾಧಾನ ಸೂಚಿಸಿತು. ಇದೇ ಬಗೆಯ ಇನ್ನೊಂದು ಸುರಂಗದ ಚಿತ್ರೀಕರಣವನ್ನು ಸಿಬಿಎಸ್ ಸಂಸ್ಥೆ ಸರ್ಕಾರದ ಮಾತಿಗೆ ಮಣಿದು ಆಗಲೇ ಕೈಬಿಟ್ಟಿತ್ತು. ಅಕ್ಟೋಬರ್‌ನಲ್ಲಿ ಕ್ಯೂಬಾ ಕ್ಷಿಪಣಿ ಬಿಕ್ಕಟ್ಟು ಬಂತು, ಪ್ರಸಾರ ಮುಂದಕ್ಕೆ ಹೋಯಿತು. ಕೊನೆಗೆ ಡಿಸೆಂಬರ್ 10ರಂದು ತೆರೆಗೆ ಬಂದ ಚಿತ್ರ, ಮುಂದಿನ ವರ್ಷ ಎಮ್ಮಿಯ ವರ್ಷದ ಅತ್ಯುತ್ತಮ ಕಾರ್ಯಕ್ರಮ ಪ್ರಶಸ್ತಿ ಗಳಿಸಿತು.

ಆಕ್ಷೇಪಗಳನ್ನು ಬರಿಯ ಅಧಿಕಾರಿಗಳ ಅಂಜುಬುರುಕತನ ಎಂದು ತಳ್ಳಿಹಾಕುವಂತಿಲ್ಲ. ಸುದ್ದಿಸಂಸ್ಥೆಯೊಂದು ತಾನೇ ಹಣ ಹೂಡಿದ ಘಟನೆಯನ್ನು ವರದಿ ಮಾಡಬಹುದೆ? ಓಡಿಬಂದವರ ಮುಖ ತೆರೆಯ ಮೇಲೆ ಕಂಡರೆ ಹಿಂದೆ ಉಳಿದ ಬಂಧುಗಳ ಗತಿ ಏನು? ಅಗೆದವರಲ್ಲೇ ಅನೇಕರಿಗೆ ಈ ಒಪ್ಪಂದ ತಿಳಿದಿರಲಿಲ್ಲ; ತಿಳಿದಾಗ ಸಿಟ್ಟಾದರು. ಹಣ ಬಾರದಿದ್ದರೆ ಸುರಂಗ ಮುಗಿಯುತ್ತಿತ್ತೇ ಎಂಬ ಪ್ರಶ್ನೆಯೂ ಅಷ್ಟೇ ನಿಜ. ಆ ಮಗು ಗೋಡೆಯ ಈಚೆ ಬೆಳೆಯಿತು ಎಂಬುದನ್ನು ತಕ್ಕಡಿಯಲ್ಲಿ ಇಡಲೇಬೇಕಾಗುತ್ತದೆ.

1964ರ ಅಕ್ಟೋಬರಿನಲ್ಲಿ ಅದೇ ಬೀದಿಯಿಂದ ಹೊರಟ ಇನ್ನೊಂದು ಸುರಂಗದಲ್ಲಿ 57 ಜನ ದಾಟಿ ಬಂದರು. ಆ ರಾತ್ರಿ ಎಗೊನ್ ಶುಲ್ಟ್ಸ್ ಎಂಬ ಗಡಿ ಸೈನಿಕ ಸತ್ತ. ಪಶ್ಚಿಮದವರು ಕೊಂದರೆಂದು ಸಾರಿದ ಪೂರ್ವ ಜರ್ಮನಿ ಅವನನ್ನು ಹುತಾತ್ಮನನ್ನಾಗಿ ಮಾಡಿತು. 1989ರ ನವೆಂಬರ್ 9ರಂದು ಗೋಡೆ ತೆರೆದು, ಆ ಬಳಿಕ ಕಡತಗಳು ಬಿಚ್ಚಿಕೊಂಡಾಗ ನಿಜ ಹೊರಬಿತ್ತು. ಅವನ ಪ್ರಾಣ ತೆಗೆದದ್ದು ಜೊತೆಯ ಸೈನಿಕನ ಬಂದೂಕಿನ ಗುಂಡು.