ಅಳಿವೆಯಲ್ಲಿ ಒಂದು ಬೆಳಗು
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಶಾಲೆಯ ನೆನಪು ಹೇಳಿ ಎಂದು ಕರೆದಿದ್ದಾರೆ. ನೆನೆಯಹೊರಟರೆ ನನಗೆ ಹೊಳೆಯೇ ಮುಂದೆ ಬರುತ್ತದೆ. ಕ್ಷಮಿಸಿ, ಹೊಳೆಯ ಮಾತನ್ನೇ ಆಡುತ್ತೇನೆ.

ಕಳೆದ ಡಿಸೆಂಬರಿನಲ್ಲಿ ಮೊಮ್ಮಗಳನ್ನು ಕರೆದುಕೊಂಡು ಬಂದಿದ್ದೆ. ಬೆಂಗಳೂರಿನಲ್ಲಿ ಬೆಳೆದ ಮಗು. ನಮ್ಮ ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸಾರ್ ತಾಣವಾಯಿತು, 4801 ಹೆಕ್ಟೇರು ಎಂದು ನನಗೇ ಪಾಠ ಹೇಳಿದಳು. ನಾವು ಕಲಿಯುವಾಗ ಅದು ಬರೀ ಹೊಳೆ; ಶಾಲೆಗೆ ತಡವಾದರೆ ಹೇಳಲು ಸಿಗುತ್ತಿದ್ದ ನೆಪ.

ಬೆಳಗಿನ ಇಳಿತದಲ್ಲಿ ದೋಣಿ ಹತ್ತಿದೆವು. ಕಾಂಡ್ಲಾ ಗಿಡಗಳ ಹತ್ತಿರ ಬಂದಾಗ ದೋಣಿಯ ಹುಡುಗ ಹುಟ್ಟು ಎತ್ತಿಟ್ಟು, 'ಮಾತಾಡಬೇಡಿ' ಎಂದ. ಕೆಸರಿನಲ್ಲಿ ಏಡಿಗಳು ಸರಿದಾಡುವುದೂ ಕೇಳುವಷ್ಟು ಮೌನ. ಕಾಂಡ್ಲಾ ಬೀಜ ಮರದಲ್ಲೇ ಮೊಳೆತು, ಕೋಲಿನಂತೆ ಜೋತಾಡಿ, ಬಿದ್ದ ಕೆಸರಿನಲ್ಲೇ ನಾಟಿಕೊಳ್ಳುವುದನ್ನು ಮಗುವಿಗೆ ಬೆರಳು ಮಾಡಿ ತೋರಿಸಿದೆ. ಬೆಳ್ಳಕ್ಕಿ, ಮಿಂಚುಳ್ಳಿ ಕಂಡವು. ಆಮೇಲೆ ಒಂದು ಹಳೆಯ ಒಡ್ಡಿನ ಮೇಲೆ ಮೂರು ನೀರುನಾಯಿಗಳು! ಒಂದರ ಬಾಯಲ್ಲಿ ಮೀನು. ನಮ್ಮನ್ನು ನೋಡಿದವು, ಲೆಕ್ಕಿಸಲಿಲ್ಲ.

ಆ ಒಡ್ಡು ನಮ್ಮದೇ.

ಅದರ ಒಳಗಿದ್ದದ್ದು ನಮ್ಮ ಗಜನಿ ಗದ್ದೆ. ಉಪ್ಪುನೀರು ತಡೆಯುವ ಕಗ್ಗ ಭತ್ತ ಬೆಳೆಯುತ್ತಿದ್ದೆವು. ಕೊಯ್ಲಾದ ಮೇಲೆ ಒಳಬಿಟ್ಟ ನೀರಿನಲ್ಲಿ ಸೀಗಡಿ, ಮೀನು. ನನ್ನ ಶಾಲೆಯ ಪುಸ್ತಕಗಳಿಗೆ ದುಡ್ಡು ಬಂದದ್ದು ಅಲ್ಲಿಂದಲೇ. ತೊಂಬತ್ತರ ದಶಕದಲ್ಲಿ ಸೀಗಡಿ ಕೆರೆಗೆ ಗುತ್ತಿಗೆ ಕೇಳಿ ಹೊರಗಿನವರು ಬಂದರು. ಅಪ್ಪ ಬೇಡವೆಂದರು. ಓದಿದ ಮಗ ನಾನು, ಲೆಕ್ಕ ಹಾಕಿ ತೋರಿಸಿ ಸಹಿ ಹಾಕಿಸಿದೆ. ಒಡ್ಡಿನ ಮೇಲಿನ ಕಾಂಡ್ಲಾ ಕಡಿದರು. ಮೂರನೆಯ ವರ್ಷ ಸೀಗಡಿಗೆ ರೋಗ ಬಂತು, ಗುತ್ತಿಗೆಯವರು ಹೊರಟುಹೋದರು. ಬೇರು ಇಲ್ಲದ ಒಡ್ಡು ಒಂದೇ ಮಳೆಗಾಲಕ್ಕೆ ಕುಸಿಯಿತು. ಮತ್ತೆ ಬಿತ್ತೋಣವೆಂದರೆ ಮನೆಯಲ್ಲಿ ಹಿಡಿ ಕಗ್ಗದ ಬೀಜವೂ ಉಳಿದಿರಲಿಲ್ಲ. ಅಪ್ಪ ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಈಗ ಆ ಗದ್ದೆಯ ತುಂಬ ಕಾಂಡ್ಲಾ. ನಾವು ಯಾರೂ ನೆಟ್ಟದ್ದಲ್ಲ. ಉಬ್ಬರದ ನೀರು ತಂದದ್ದು. 'ಅಜ್ಜ, ಇದು ಯಾರ ಜಾಗ?' ಎಂದು ಮಗು ಕೇಳಿತು. 'ನೀರುನಾಯಿಗಳದ್ದು' ಎಂದೆ. ನಮ್ಮದು ಎನ್ನಲು ಬಾಯಿ ಬರಲಿಲ್ಲ.

ಗದ್ದೆಯನ್ನು ಹಾಗೆಯೇ ಬಿಡುವುದೆಂದು ತಮ್ಮನೂ ನಾನೂ ನಿಶ್ಚಯಿಸಿದ್ದೇವೆ. ಮನೆ ಹತ್ತಿರ ಗಟ್ಟಿಯಾಗಿ ಉಳಿದಿರುವ ಸಣ್ಣ ತುಂಡಿನಲ್ಲಿ ಈ ಮಳೆಗಾಲ ಕಗ್ಗ ಬಿತ್ತುತ್ತೇವೆ. ನನ್ನ ಜೊತೆ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದವನೊಬ್ಬ ಬೀಜ ಕೊಡುತ್ತೇನೆ ಎಂದಿದ್ದಾನೆ. ಅವನು ಗುತ್ತಿಗೆಗೆ ಕೊಟ್ಟಿರಲಿಲ್ಲ. ಆಗ ಅವನನ್ನು ದಡ್ಡ ಎಂದವರಲ್ಲಿ ನಾನೂ ಇದ್ದೆ. ಇಲ್ಲೇ ಮೂರನೆಯ ಸಾಲಿನಲ್ಲಿ ನಗುತ್ತಾ ಕೂತಿದ್ದಾನೆ.

ನಾಳೆ ಬೆಳಿಗ್ಗೆ ಮಕ್ಕಳಿಗಾಗಿ ಎರಡು ದೋಣಿ ಹೇಳಿದ್ದೇವೆ. ದೊಡ್ಡವರೂ ಬರಬಹುದು. ಆರು ಗಂಟೆಗೆ ಧಕ್ಕೆಯ ಹತ್ತಿರ ಇರಿ. ಮೊಬೈಲಿನ ಹಾಡು ಮಾತ್ರ ಬೇಡ.